ಅತ್ತರೆ ಊರಿಗೆ ವಾಪಸ್

ಸಣ್ಣ ವಯಸ್ಸಿನಲ್ಲಿ ದೊಡ್ಡ ಜಾಗಕ್ಕೆ ಹೋಗಿ ಕೂತವನ ಹಣೆಬರಹವೇ ಅಷ್ಟು. ಅವನು ತೆಪ್ಪಗೆ ಮೂಲೆಯಲ್ಲಿದ್ದರೂ ಅವನ ಸುತ್ತ ಏನಾದರೊಂದು ನಡೆಯುತ್ತಲೇ ಇರುತ್ತದೆ. ನಾನು ಹೈದರಾಬಾದಿಗೆ ಹೋಗಿ ಕಾಲೇಜು ಸೇರಿದಾಗ ನನಗೆ ಹದಿಮೂರು ತುಂಬಲು ಇನ್ನೂ ಎರಡು ತಿಂಗಳಿತ್ತು. ನಿಜಾಮರ ಕಾಲ. ಉದಗೀರಕ್ಕೆ ಆಗಿನ್ನೂ ಹೊಸದಾಗಿ ರೈಲು ಬಂದಿತ್ತು. ಈಗ ನನ್ನನ್ನು ನೋಡಿದವರು "ಅಜ್ಜಾರು ಹುಟ್ಟಿದಾಗಿಂದ ಮುದುಕರೇ ಇರಬೇಕು" ಅನ್ನುತ್ತಾರೆ. ಹಾಗಲ್ಲ, ಒಂದು ಕಾಲಕ್ಕೆ ನಾನು ಅತಿಯಾಗಿ ಚಿಕ್ಕವನಾಗಿದ್ದೆ. ಅದರಿಂದ ಪಟ್ಟ ಪಾಡು ಒಂದೆರಡಲ್ಲ.

೧. ಏಟಿನ ಬದಲು ಬಡ್ತಿ

ನಮ್ಮದು ವಲಾಂಡಿ. ಜಂಗಮರ ಮನೆ. ಸುತ್ತಲಿನ ಹತ್ತು ಹಳ್ಳಿಯ ಭಕ್ತರ ಮನೆಗಳಿಗೆ ಅಪ್ಪನೇ ಅಯ್ಯನವರು. ಮದುವೆಯಾಗಲಿ, ಮನೆಪ್ರವೇಶವಾಗಲಿ, ಅಪ್ಪ ಹೋಗದೆ ಕೆಲಸ ಸಾಗದು. ನಮ್ಮ ಕಡೆ ಅಯ್ಯನವರ ಮನೆಯ ಕೂಸು ಅಂಬೆಗಾಲಿಡುತ್ತಿದ್ದರೂ ಭಕ್ತರ ಮನೆಯ ಎಂಬತ್ತರ ಮುದುಕ ಅದಕ್ಕೆ ಬಗ್ಗಿ ಶರಣು ಮಾಡುತ್ತಾನೆ. ನನ್ನ ಓದಿನ ಕಥೆಯೆಲ್ಲ ಈ ಶರಣಿನಿಂದಲೇ ಹುಟ್ಟಿದ್ದು.

ನನ್ನ ಅಣ್ಣ ಒಬ್ಬನೇ ಶಾಲೆಗೆ ಹೋಗಲಾರೆನೆಂದು ಹಟ ಹಿಡಿಯುತ್ತಿದ್ದ. ಅವ್ವ ಅವನ ಜೊತೆಗೆ ನಾಲ್ಕು ವರ್ಷದ ನನ್ನನ್ನೂ ಕಳಿಸಿದಳು. ಅಣ್ಣ ಹೋದವನೇ ಗೋಡೆಗೆ ಒರಗಿ ನಿದ್ದೆ ಹೋಗುತ್ತಿದ್ದ. ನಾನು ಎಚ್ಚರವಿದ್ದು ಮಾಸ್ತರ ಹಲಗೆಯ ಮೇಲೆ ಬರೆದ ಲೆಕ್ಕದಲ್ಲಿ ತಪ್ಪು ಹುಡುಕುತ್ತಿದ್ದೆ. ಸಿಕ್ಕರೆ ಕೂಗಿ ಹೇಳುತ್ತಿದ್ದೆ. ಬೇರೆ ಹುಡುಗರಾಗಿದ್ದರೆ ಚರ್ಮ ಸುಲಿಯುತ್ತಿದ್ದರು. ಆದರೆ ಮಾಸ್ತರು ಭಕ್ತರ ಮನೆಯವರು. ಛಡಿ ಎತ್ತಿ ನನ್ನ ಹತ್ತಿರ ಬರುವರು, ನನ್ನ ಹಣೆಯ ವಿಭೂತಿ ನೋಡುವರು, ಛಡಿ ಕಂಕುಳಿಗೆ ಸಿಕ್ಕಿಸಿ ಕೈ ಮುಗಿದು ಹೋಗುವರು.

ಒಂದು ದಿನ ಅವರಿಗೆ ತಡೆಯಲಾಗಲಿಲ್ಲ. ನನ್ನ ಕೈ ಹಿಡಿದು ಮುಂದಿನ ವರ್ಗದ ಮಾಸ್ತರ ಹತ್ತಿರ ಎಳೆದುಕೊಂಡು ಹೋದರು.

"ಇಂವಾ ಬಾಳ ಶಾಣ್ಯಾ ಇದ್ದಾನ್ರಿ. ನನ್ನ ಕಡಿ ಕೂತ್ರ ಹಾಳಾಗ್ತಾನ. ನಿಮ್ಮ ಕಡಿ ಇಟ್ಕೋರಿ" ಅಂದರು.

ಆ ಮಾಸ್ತರೂ ಭಕ್ತರೇ. ಆರು ತಿಂಗಳು ಸಹಿಸಿಕೊಂಡು ಅವರೂ ನನ್ನನ್ನು ಮುಂದಕ್ಕೆ ದಾಟಿಸಿದರು. ಹೀಗೆ ದಾಟುತ್ತ ದಾಟುತ್ತ ಉದಗೀರದ ದೊಡ್ಡ ಶಾಲೆಗೆ ಬಂದೆ. ಅಲ್ಲಿ ಮೌಲ್ವಿ ಮಾಸ್ತರರು. ಅವರಿಗೆ ವಿಭೂತಿಯ ಅಂಜಿಕೆಯಿಲ್ಲ. ಅಪ್ಪನಿಗೆ ಖುಷಿಯಾಯಿತು. "ಇನ್ನ ಇಂವಗ ಖರೇ ವಿದ್ಯಾ ಹತ್ತತದ" ಅಂದ. ಮೊದಲ ವಾರವೇ ಮೌಲ್ವಿಗಳು ಛಡಿ ಎತ್ತಿದರು. ನನ್ನ ಪಕ್ಕದಲ್ಲಿ ಮೀಸೆ ಬಂದ ಹುಡುಗರು ಕೂತಿದ್ದರು. ಅವರನ್ನು ನೋಡಿದರು, ನನ್ನನ್ನು ನೋಡಿದರು. "ಯಾ ಅಲ್ಲಾ, ಇಷ್ಟೇ ಇಷ್ಟು ಇರುವ ಕೂಸಿಗೆ ಎಲ್ಲಿ ಅಂತ ಹೊಡೆಯಲಿ?" ಅಂದು ಮರುದಿನವೇ ಮೇಲಿನ ವರ್ಗಕ್ಕೆ ಕಳಿಸಿದರು. ಅಲ್ಲಿ ಭಕ್ತಿ ಅಡ್ಡ ಬಂತು, ಇಲ್ಲಿ ಕರುಣೆ ಅಡ್ಡ ಬಂತು. ಒಟ್ಟಿನಲ್ಲಿ ನನಗೆ ಬೀಳಬೇಕಾದ ಏಟುಗಳೆಲ್ಲ ಬಡ್ತಿಯಾಗಿ ಬಿದ್ದವು.

೨. ಹೊಸ ವಿದ್ಯಾರ್ಥಿ ಯಾರು?

ಮ್ಯಾಟ್ರಿಕ್ ಮುಗಿಯಿತು. ಅಷ್ಟರಲ್ಲಿ ನಿಲಂಗಾ ಕಡೆಯ ಒಂದು ಮಠದ ಸ್ವಾಮಿಗಳ ಕಣ್ಣು ನನ್ನ ಮೇಲೆ ಬಿತ್ತು. ತಮ್ಮ ನಂತರ ಮಠಕ್ಕೆ ಇವನೇ ಇರಲಿ, ಮರಿಸ್ವಾಮಿ ಮಾಡಿಕೊಳ್ಳುತ್ತೇವೆ ಎಂದು ಅಪ್ಪನಿಗೆ ಹೇಳಿಕಳಿಸಿದರು. ಮಠದಲ್ಲಿ ಊಟ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆದರೆ ನನಗೆ ಗಣಿತದ ಹುಚ್ಚು. ಅಪ್ಪನ ಕಾಲು ಹಿಡಿದು ಕಾಲೇಜಿಗೆ ಹೋಗುತ್ತೇನೆ ಎಂದೆ. ಅಪ್ಪ ನಡುವಿನ ದಾರಿ ಹುಡುಕಿದ. "ಹೋಗು. ಅಲ್ಲಿ ನಿಂತಿ ಅಂದ್ರ ನಿನ್ನ ದೈವ. ನಿಲ್ಲಲಿಲ್ಲ, ತಿರುಗಿ ಬಂದಿ ಅಂದ್ರ ಸೀದಾ ಮಠಕ್ಕ" ಅಂದ. ಸ್ವಾಮಿಗಳಿಗೂ ಹಾಗೇ ಮಾತು ಕೊಟ್ಟ.

ಹೈದರಾಬಾದಿಗೆ ಅಪ್ಪ ಜೊತೆಗೆ ಬಂದ. ಕಾಲೇಜಿನ ಕಚೇರಿ ಮುಟ್ಟಿದಾಗ ನನಗೆ ನೀರಡಿಕೆ. ನಾನು ನೀರು ಕುಡಿದು ಬರುವಷ್ಟರಲ್ಲಿ ಗುಮಾಸ್ತ ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಅರ್ಜಿ ತುಂಬುತ್ತಿದ್ದ. ಅಪ್ಪನಿಗೆ ಕನ್ನಡ, ಮರಾಠಿ ನೀರು ಕುಡಿದಷ್ಟು ಸುಲಭ. ಉರ್ದು ಮಾತ್ರ "ಹೌ ಜೀ" ಅನ್ನುವುದರಿಂದ ಮುಂದೆ ಹೋಗಿರಲಿಲ್ಲ. ಗುಮಾಸ್ತ ಹೆಸರು ಕೇಳಿದ, ಅಪ್ಪ ತನ್ನ ಹೆಸರು ಹೇಳಿದ. ಏನು ಓದಿದ್ದೀರಿ ಅಂದ, ಅಪ್ಪ ಪಂಚಾಂಗದಿಂದ ಹಿಡಿದು ಆಗಮದವರೆಗೆ ಎಲ್ಲ ಹೇಳಿದ. ಕಾಲೇಜು ಸೇರಬೇಕೇ ಅಂದ, ಅಪ್ಪ "ಹೌ ಜೀ" ಅಂದ.

ನಾನು ಒಳಗೆ ಬಂದಾಗ ಗುಮಾಸ್ತನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ಈ ವಯಸ್ಸಿನಲ್ಲಿ ಓದಿನ ಮೇಲೆ ಇಷ್ಟು ಪ್ರೀತಿ! ನಿಮ್ಮಂಥವರು ಬೇಕು ಜನಾಬ್. ಆದರೆ ಒಂದು ಮಾತು, ಈ ಮಗುವನ್ನು ಹಾಸ್ಟೆಲಿನಲ್ಲಿ ಜೊತೆಗೆ ಇಟ್ಟುಕೊಳ್ಳಲು ಬರುವುದಿಲ್ಲ" ಅಂದ.

ನಾನು ಗಾಬರಿಯಿಂದ ಅಪ್ಪನಿಗೆ ಅದನ್ನೆಲ್ಲ ಕನ್ನಡದಲ್ಲಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಗಡ್ಡ ನೀವಿಕೊಂಡ.

"ತಮ್ಮಾ, ಇಷ್ಟು ಪ್ರೀತಿಲೆ ಕರೀಲತ್ತಾನಲ್ಲೋ ಪಾಪ. ನಿನ್ನ ಬದಲಿ ನಾ ಕೂತ್ರ ನಡೀತದೇನು, ಕೇಳಿ ನೋಡು" ಅಂದ.

ಈ ಗದ್ದಲ ಪ್ರಿನ್ಸಿಪಾಲ ಸಾಹೇಬರ ಕೋಣೆಯವರೆಗೆ ಹೋಯಿತು. ಅವರು ಉತ್ತರದ ಕಡೆಯಿಂದ ಬಂದ ವಯಸ್ಸಾದವರು, ಬಿಳಿ ಗಡ್ಡ, ಬಂಗಾರದ ಕಟ್ಟಿನ ಕನ್ನಡಕ. ಅವರ ಚೆಂದದ ಉರ್ದುವನ್ನು ನಾನು ಇಲ್ಲಿ ನನ್ನ ಕನ್ನಡದಲ್ಲೇ ಹೇಳುತ್ತಿದ್ದೇನೆ, ಕ್ಷಮೆಯಿರಲಿ. ನನ್ನ ಅಂಕಪಟ್ಟಿ ನೋಡಿದರು, ಆಮೇಲೆ ಮೇಜಿನ ಮೇಲಿಂದ ಬಗ್ಗಿ ನನ್ನನ್ನು ನೋಡಿದರು.

"ಓದಿನ ಬಗ್ಗೆ ನನಗೆ ಚಿಂತೆ ಇಲ್ಲ. ಮೊದಲ ಪರೀಕ್ಷೆಯವರೆಗೆ ಇಟ್ಟುಕೊಂಡು ನೋಡುತ್ತೇನೆ. ಆದರೆ ಒಂದು ಶರತ್ತು. ಮನೆ ನೆನೆಸಿಕೊಂಡು ಅತ್ತ ಎಂದು ಕಿವಿಗೆ ಬಿದ್ದರೆ ಮುಗಿಯಿತು. ಇಲ್ಲಿ ಅಳುವವರು ಊರಿಗೆ ಹೋಗಬೇಕು."

"ಅಳುವುದಿಲ್ಲ ಹುಜೂರ್" ಅಂದೆ.

೩. ಹಾಜರಿ

ಕಾಲೇಜಿಗೆ ಶೇರವಾನಿ ಹಾಕಿಕೊಂಡು ಬರಬೇಕು, ತಲೆಗೆ ಟೋಪಿ. ಅಪ್ಪ ಅದನ್ನು ಮೊದಲೇ ಉಮರ್ಗಾದ ಒಬ್ಬ ದರ್ಜಿಯ ಹತ್ತಿರ ಹೊಲಿಸಿದ್ದ. "ಹುಡುಗ ಬೆಳೀತಾನ. ಡಿಗ್ರಿ ಮುಗಿಯೋತನಕ ಬರಬೇಕು ನೋಡಪ್ಪಾ" ಎಂದು ಹೇಳಿದ್ದ. ದರ್ಜಿ ಬುದ್ಧಿವಂತ. ನನ್ನನ್ನು ಬದಿಗೆ ನಿಲ್ಲಿಸಿ ನನ್ನ ಅಣ್ಣನ ಅಳತೆ ತೆಗೆದುಕೊಂಡ. ಅದನ್ನು ತೊಟ್ಟು ನಡೆದರೆ ನನ್ನ ಕಾಲು ಯಾರಿಗೂ ಕಾಣುತ್ತಿರಲಿಲ್ಲ. ಹಾಸ್ಟೆಲಿನವರು ಮೊದಲ ದಿನ ಶೇರವಾನಿ ತಾನೇ ಒಳಗೆ ಬಂತು ಎಂದು ತಿಳಿದರು.

ಇದಕ್ಕಿಂತ ದೊಡ್ಡ ತೊಂದರೆ ತರಗತಿಯಲ್ಲಿ. ಗಣಿತದ ಪ್ರೊಫೆಸರರು ನಂಬರು ಕೂಗಿ, ಉತ್ತರ ಬಂದ ಕಡೆ ತಲೆಯೆತ್ತಿ ನೋಡಿ ಗುರುತು ಹಾಕುವವರು. ನನ್ನ ನಂಬರಿಗೆ ನಾನು "ಹಾಜರ್" ಅನ್ನುವೆ. ಅವರು ತಲೆಯೆತ್ತುವರು. ಮುಂದೆ ಕೂತವರ ಬೆನ್ನುಗಳ ಹಿಂದೆ ಯಾರೂ ಕಾಣರು. "ಯಾರೋ ಗೆಳೆಯನಿಗಾಗಿ ಹಾಜರಿ ಹೇಳುತ್ತಿದ್ದಾರೆ" ಎಂದು ಗೊಣಗಿ ಗೈರುಹಾಜರಿ ಹಾಕುವರು. ನಾಲ್ಕು ದಿನ ಕಾಲೇಜಿಗೆ ಹೋಗಿಯೂ ನಾನು ಕಾಲೇಜಿಗೆ ಹೋಗಿರಲಿಲ್ಲ.

ಐದನೆಯ ದಿನ ಉಪಾಯ ಮಾಡಿದೆ. ನಂಬರು ಕೂಗುತ್ತಲೇ ಬೆಂಚಿನ ಮೇಲೆ ಹತ್ತಿ ನಿಂತು "ಹಾಜರ್" ಅಂದೆ. ನನ್ನ ಗ್ರಹಚಾರ, ಅದೇ ಹೊತ್ತಿಗೆ ಪ್ರಿನ್ಸಿಪಾಲ ಸಾಹೇಬರು ವರಾಂಡದಲ್ಲಿ ಬರುತ್ತಿದ್ದರು. ಕಿಟಕಿಯಲ್ಲಿ ನಾನು ಬೆಂಚಿನ ಮೇಲೆ ನಿಂತದ್ದು ಕಂಡಿತು.

"ಒಂದು ವಾರವಾಗಿಲ್ಲ, ಆಗಲೇ ಶಿಕ್ಷೆಯೇ?" ಎಂದು ಒಳಗೆ ಬಂದರು.

ಪ್ರೊಫೆಸರರು ಪುಸ್ತಕದಲ್ಲಿ ನನ್ನ ನಂಬರು ಹುಡುಕಿ, ನನ್ನ ಮುಖ ನೋಡಿ, ಎಲ್ಲ ಅರ್ಥವಾದವರಂತೆ ತಲೆಯಾಡಿಸಿದರು. "ಶಿಕ್ಷೆಯಲ್ಲ ಜನಾಬ್. ಈ ಹುಡುಗ ಕೂತರೆ ಗೈರುಹಾಜರು, ನಿಂತರೆ ಅಪರಾಧಿ" ಅಂದರು.

ಮರುದಿನದಿಂದ ಗ್ರಂಥಾಲಯದ ಎರಡು ದಪ್ಪ ಕಾನೂನು ಪುಸ್ತಕಗಳನ್ನು ನನಗೆ ಕೂರಲು ಕೊಟ್ಟರು. ಆಗಿನಿಂದ ಇವತ್ತಿನವರೆಗೂ ಕಾನೂನಿನಿಂದ ನನಗೆ ಆದ ಉಪಕಾರ ಅದೊಂದೇ.

೪. ಕಾಲು ಒತ್ತುವ ಸರದಿ

ಹಾಸ್ಟೆಲಿನಲ್ಲಿ ಹೊಸಬರು ಹಳಬರ ಕಾಲು ಒತ್ತಬೇಕು. ಇದು ಯಾರೂ ಬರೆಯದ ನಿಯಮ. ಮಧ್ಯಾಹ್ನ ಊಟವಾದ ಮೇಲೆ ಸರದಿ. ನನ್ನ ಪಾಲಿಗೆ ಬಂದವನು ದಾಳಿಂಬದ ಪಾಟೀಲರ ಮಗ. ಆರಡಿ ಎತ್ತರ, ಕಿವಿಯ ತನಕ ಮೀಸೆ, ಇಪ್ಪತ್ತೆರಡು ವಯಸ್ಸು. ಒಂದೇ ವರ್ಗದಲ್ಲಿ ಮೂರನೆಯ ವರ್ಷ. ಹಾಸ್ಟೆಲಿಗೆ ಹಾಸ್ಟೆಲೇ ಅವನಿಗೆ ಹೆದರುತ್ತಿತ್ತು.

ಅವನು ಕಣ್ಣು ಮುಚ್ಚಿ ಮಲಗಿದ್ದ. ನಾನು ನನ್ನ ಶಕ್ತಿಯಿದ್ದಷ್ಟು ಒತ್ತಿದೆ.

"ಕಾಯ್ ರೇ, ಇಲಿ ಓಡ್ಯಾಡ್ದಂಗ ಆಗ್ಲತ್ತದ. ಜೋರ್ ಒತ್ತು" ಅಂದ, ಕಣ್ಣು ತೆರೆಯದೆ.

ಕನ್ನಡ ಕೇಳಿ ನನಗೆ ಹಿಗ್ಗಾಯಿತು. "ಇದ್ದಷ್ಟೇ ಜೋರ್ ನೋಡ್ರಿ" ಅಂದೆ.

"ಅರೇ, ನಮ್ಮ ಕಡಿಯಂವ! ಯಾವೂರೋ?"

"ವಲಾಂಡಿ."

"ವಲಾಂಡ್ಯಾಗ ಯಾರ ಪೈಕಿ?"

"ಅಯ್ನೋರ ಮನಿ."

ಕಾಲು ನನ್ನ ಕೈಯಲ್ಲೇ ಬಿಗಿಯಿತು. ಅವನು ಒಂದು ಕಣ್ಣು ತೆರೆದ.

"ನಿಮ್ಮ ಅಪ್ಪಾರು... ಬಿಳಿ ಕುದುರಿ ಮ್ಯಾಲ ದಾಳಿಂಬಕ್ಕ ಬರ್ತಿರ್ತಾರಲ್ಲ, ಅವರೇನ್ರಿ?"

"ಹೌದು. ಅದಕ್ಕ ಈಗ ವಯಸ್ಸಾಗ್ಯಾದ. ಕುದುರಿಗೆ."

ಅವನು ಕಾಲು ಸೆಳೆದುಕೊಂಡ ರಭಸಕ್ಕೆ ನಾನು ಹಿಂದಕ್ಕೆ ಬಿದ್ದೆ. ಅವರ ಮನೆಗೂ ಅಪ್ಪನೇ ಅಯ್ಯನವರು. ಅವನ ಅಜ್ಜ, ಅಪ್ಪ ಎಲ್ಲ ನಮ್ಮ ಮನೆಯವರ ಪಾದ ತೊಳೆದ ನೀರನ್ನು ತೀರ್ಥವೆಂದು ಕುಡಿದವರು. ಅಂಥ ಮನೆಯವನು ಅಯ್ಯನ ಕೈಯಲ್ಲಿ ಕಾಲು ಒತ್ತಿಸಿಕೊಂಡಿದ್ದ! ಮಂಚದಿಂದ ಇಳಿದವನೇ ನೆಲಕ್ಕೆ ಉದ್ದಕ್ಕೆ ಬಿದ್ದ. "ತಪ್ಪಾತ್ರಿ ಅಯ್ನೋರ, ಹೊಟ್ಟ್ಯಾಗ ಹಾಕ್ಕೋರಿ. ಊರಾಗ ಗೊತ್ತಾದ್ರ ನಮ್ಮಪ್ಪ ನನ್ನ ಮನಿ ಹೊಸ್ತಿಲಾ ದಾಟಸಂಗಿಲ್ರಿ."

ನನಗೂ ಹುಟ್ಟಿನಿಂದ ಬಂದ ಅಭ್ಯಾಸ ಬಿಡಲಿಲ್ಲ. ಕೈಯೆತ್ತಿ "ಶಿವ ಒಳ್ಳೇದು ಮಾಡ್ಲಿ" ಎಂದು ಹರಸಿದೆ. ಅದೇ ಹೊತ್ತಿಗೆ ನಾಲ್ಕು ಜನ ಬಾಗಿಲಲ್ಲಿ ಬಂದು ನಿಂತರು. ಹಾಸ್ಟೆಲಿನ ಹುಲಿ ನೆಲದ ಮೇಲೆ, ಅದರ ಮುಂದೆ ಅಣ್ಣನ ಶೇರವಾನಿಯೊಳಗೆ ನಾನು ಕೈಯೆತ್ತಿಕೊಂಡು. ಸಂಜೆಯೊಳಗೆ ನಾನು ಯಾವುದೋ ನವಾಬರ ಮನೆಯ ಕೂಸು, ಹೆಸರು ಮರೆಸಿಕೊಂಡು ಬಂದಿದ್ದೇನೆ ಎಂದು ಸುದ್ದಿಯಾಯಿತು. ನನ್ನ ಕಾಲು ಒತ್ತುವ ಸರದಿ ಅಲ್ಲಿಗೆ ಮುಗಿಯಿತು.

ಪಾಟೀಲನ ಪ್ರಾಯಶ್ಚಿತ್ತ ಮಾತ್ರ ಮುಗಿಯಲಿಲ್ಲ. ದಿನಾ ಬೆಳಗಾಗುತ್ತಲೇ ಸ್ನಾನ ಮಾಡಿ ತಂಬಿಗೆ ತುಂಬ ಬಾವಿಯ ತಣ್ಣೀರು ತಂದು ನನ್ನ ಪಾದ ತೊಳೆಯತೊಡಗಿದ. ಬ್ಯಾಡ್ರಿ ಅಂದರೆ ಕೇಳುವವನಲ್ಲ. ನಾನು ಸೇಡಿಗೆ "ಅಯ್ಯನ ಅಪ್ಪಣಿ, ದಿನಾ ಹತ್ತು ಲೆಕ್ಕ ಮಾಡ್ಬೇಕು" ಎಂದು ಕಟ್ಟುಮಾಡಿದೆ. ಬೆವರು ಸುರಿಸುತ್ತ ಅದನ್ನೂ ಮಾಡಿದ. ಚಳಿಗಾಲ ಬಂತು, ಮುಸುಕು ಎಳೆದು ಪಾದ ಹುಡುಕುವುದು ನಿಲ್ಲಲಿಲ್ಲ. ಆಗ ನನಗೆ ಕಾಲು ಒತ್ತುವ ಕೆಲಸದಲ್ಲೇ ಹೆಚ್ಚು ಸುಖವಿತ್ತು ಅನ್ನಿಸಿತು.

೫. ಅತ್ತವರು ಯಾರು?

ಪರೀಕ್ಷೆಗೆ ಹದಿನೈದು ದಿನವಿತ್ತು. ಒಂದು ಶುಕ್ರವಾರ, ಕಾಲೇಜಿಗೆ ರಜೆ, ಮಧ್ಯಾಹ್ನ ಪಾಟೀಲ ಒಂದು ಗಂಟು ಹಿಡಿದುಕೊಂಡು ನನ್ನ ಕೋಣೆಗೆ ಬಂದ. ದಾಳಿಂಬದಿಂದ ಯಾರೋ ಬಂದವರ ಕೈಯಲ್ಲಿ ಅವನ ಅವ್ವ ಕಳಿಸಿದ್ದು. ಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಅಯ್ಯನವರಿಗೆ ಮೊದಲು ಕೊಡದೆ ಅವರ ಮನೆಯಲ್ಲಿ ಯಾರೂ ಬಾಯಿಗಿಡುವುದಿಲ್ಲ. ಬಾಗಿಲು ಮುಂದೆ ಮಾಡಿ, ನನ್ನ ಮುಂದೆ ಕೂತು, ಗಂಟು ಬಿಚ್ಚಿದ. ರೊಟ್ಟಿಯ ವಾಸನೆ ಬಂತು. ಆರಡಿಯ ಮನುಷ್ಯ ಭೋರೆಂದು ಅಳತೊಡಗಿದ.

"ಮೂರು ವರ್ಷಾಯ್ತ್ರಿ ಅಯ್ನೋರ... ಪಾಸಾಗದ ಯಾವ ಮಾರಿ ಹೊತ್ಕೊಂಡು ಹೋಗ್ಲಿ ಅವ್ವನ ಮುಂದ..."

ನಾನು ತಲೆಯ ಮೇಲೆ ಕೈಯಿಟ್ಟು ಸಮಾಧಾನ ಮಾಡಿದೆ. ಅಪ್ಪ ಮಾಡುವುದನ್ನು ನೋಡಿದ್ದೆನಲ್ಲ. ಹೋಗುವಾಗ ಅವನು ಕೈ ಮುಗಿದ. "ಯಾರ ಮುಂದೂ ಅನಬ್ಯಾಡ್ರಿ. ಇಷ್ಟು ದಿನದ ಮರ್ಯಾದಿ ಹೋಗ್ತದ." ಹೇಳುವುದಿಲ್ಲ ಅಂದೆ.

ನಮಗೆ ಗೊತ್ತಿಲ್ಲದ್ದೇನೆಂದರೆ, ಅದೇ ಹೊತ್ತಿಗೆ ವಾರ್ಡನ್ ಹೊರಗೆ ಹಾದುಹೋಗಿದ್ದರು. ಪಾಪ, ಮೆತ್ತನೆಯ ಮನಸ್ಸಿನವರು. ಅಳುವ ಮಗುವನ್ನು ನೋಡಲಾರದೆ ಬಾಗಿಲು ತೆರೆಯಲಿಲ್ಲ, ನೇರವಾಗಿ ಪ್ರಿನ್ಸಿಪಾಲರ ಹತ್ತಿರ ಹೋದರು. "ಅಷ್ಟು ಸಣ್ಣ ಮೈಯೊಳಗಿಂದ ಅಷ್ಟು ದೊಡ್ಡ ದನಿ, ಹುಜೂರ್! ಒಳಗೆ ಎಷ್ಟು ದುಃಖವಿರಬೇಕು!" ಅಂದರಂತೆ. ಪ್ರಿನ್ಸಿಪಾಲರು ಅಪ್ಪನಿಗೆ ಕಾಗದ ಬರೆಸಿದರು: ಬಂದು ಮಗನನ್ನು ಕರೆದುಕೊಂಡು ಹೋಗಿ. ನಾನು ಅತ್ತೆನೆಂದು ಕಾಗದ ಹೋದ ಸುದ್ದಿ ಮರುದಿನವೇ ಹಾಸ್ಟೆಲಿಗೆಲ್ಲ ಹಬ್ಬಿತು.

ಅಪ್ಪ ಬರಲು ಆರು ದಿನ ಹಿಡಿಯಿತು. ಆ ಆರು ದಿನ ನನಗೆ ಅನ್ನ ಸೇರಲಿಲ್ಲ. ಗಣಿತ ಬಿಟ್ಟು ಮಠಕ್ಕೆ ಹೋಗಬೇಕಲ್ಲ ಎಂದು ಅಳು ಬರುತ್ತಿತ್ತು. ಅತ್ತರೆ ಅವರ ಮಾತು ನಿಜ ಮಾಡಿದಂತಾಗುತ್ತದೆ, ಹಾಗಾಗಿ ಅಳುವಂತೆಯೂ ಇರಲಿಲ್ಲ. ಪಾಟೀಲ ತಲೆ ತಗ್ಗಿಸಿಕೊಂಡು ಓಡಾಡುತ್ತಿದ್ದ, ಬಾಯಿ ಬಿಡುತ್ತಿರಲಿಲ್ಲ. ನನಗೆ ಅವನ ಮೇಲೆ ಸಿಟ್ಟು ಬಂದದ್ದು ಖರೆ.

ಅಪ್ಪ ಬಂದ ದಿನ ಪ್ರಿನ್ಸಿಪಾಲರು ಅಪ್ಪನನ್ನೂ ನನ್ನನ್ನೂ ಕರೆಸಿದರು. ವಾರ್ಡನ್ ಬಾಗಿಲ ಹತ್ತಿರ ನಿಂತಿದ್ದರು.

"ಮಿಯಾ, ಅತ್ತದ್ದು ನಿಜವೇ?"

"ಇಲ್ಲ ಹುಜೂರ್."

"ಹಾಗಾದರೆ ನಿನ್ನ ಕೋಣೆಯಲ್ಲಿ ಯಾರೂ ಅಳಲಿಲ್ಲವೇ?"

ನಾನು ಆ ಪ್ರಶ್ನೆಯನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಅಪ್ಪ ನನ್ನ ಭುಜ ಅಲುಗಿಸಿದ. "ಯಾರು ಅತ್ರು, ಹೇಳೋ."

"ಅಪ್ಪಾ, ಭಕ್ತರು ನಂಬಿ ಹೇಳಿದ್ದದ. ಹ್ಯಾಂಗ್ ಹೇಳ್ಲಿ?" ಅಂದೆ.

ಅಪ್ಪ ಹತ್ತು ಹಳ್ಳಿಯ ಗುಟ್ಟು ಹೊಟ್ಟೆಯಲ್ಲಿಟ್ಟುಕೊಂಡು ಬದುಕಿದವನು. ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಒಂದು ಮಾತೂ ಕೇಳಲಿಲ್ಲ.

"ಸರಿ. ಶರತ್ತು ಶರತ್ತೇ" ಎಂದು ಪ್ರಿನ್ಸಿಪಾಲರು ಲೇಖನಿ ಎತ್ತಿಕೊಂಡರು.

ಆಗ ಬಾಗಿಲು ದಡಾರನೆ ತೆರೆಯಿತು. ವಾರ್ಡನ್ ಗೋಡೆಗೆ ಸರಿದರು. ಪಾಟೀಲ ಒಳಗೆ ಬಂದು ನಿಂತ. "ಅತ್ತವನು ನಾನು ಹುಜೂರ್."

ಪ್ರಿನ್ಸಿಪಾಲರು ಅವನ ಪಾದದಿಂದ ಮೀಸೆಯವರೆಗೆ ನೋಡಿದರು. ನೋಡಲು ಸ್ವಲ್ಪ ಹೊತ್ತು ಹಿಡಿಯಿತು. "ನೀನಾ? ಯಾತಕ್ಕೆ?"

"ಅವ್ವನ ಕೈಯ ರೊಟ್ಟಿ ಬಂದಿತ್ತು ಹುಜೂರ್" ಅಂದವನಿಗೆ ಮುಂದೆ ಮಾತು ಬರಲಿಲ್ಲ. ಅಲ್ಲೇ ಮತ್ತೆ ಭೋರೆಂದು ಶುರು ಮಾಡಿದ.

"ಇದೇ ದನಿ! ಇದೇ ದನಿ!" ಎಂದು ವಾರ್ಡನ್ ಕೂಗಿದರು.

ಇದನ್ನು ನೋಡುತ್ತಿದ್ದ ಅಪ್ಪನ ಗಡ್ಡ ಅಲುಗತೊಡಗಿತು. ಅಪ್ಪ ಅತ್ತದ್ದನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. "ನಮ್ಮ ಹುಡುಗನ ಅವ್ವನೂ ಹಿಂಗೇ ಒಲಿ ಮುಂದ ಕೂತು ಅಳ್ತಾಳ್ರಿ ಸಾಹೇಬ್ರ. ಆಕಿಗಿ ನಾ ಧೈರ್ಯ ಹೇಳ್ತೀನಿ. ನನಗ ಯಾರು ಹೇಳ್ಬೇಕು?" ಎಂದು ಕನ್ನಡದಲ್ಲೇ ಹೇಳಿ ಶಲ್ಯ ಕಣ್ಣಿಗೊತ್ತಿಕೊಂಡ. ಪಾಟೀಲ ಬಿಕ್ಕುತ್ತ ಬಿಕ್ಕುತ್ತ ಅದನ್ನು ಉರ್ದುವಿನಲ್ಲಿ ಹೇಳಿದ. ಪ್ರಿನ್ಸಿಪಾಲರು ಕನ್ನಡಕ ತೆಗೆದರು. ಕಿಟಕಿಯ ಕಡೆ ತಿರುಗಿದರು. "ಓದಲೆಂದು ಮನೆ ಬಿಟ್ಟಾಗ ನನಗೆ ಹನ್ನೊಂದು. ಮರಳಿ ಹೋಗುವಷ್ಟರಲ್ಲಿ ಅಮ್ಮ ಇರಲಿಲ್ಲ" ಅಂದರು. ಕರವಸ್ತ್ರದಲ್ಲಿ ಜೋರಾಗಿ ಮೂಗು ಒರೆಸಿಕೊಂಡರು. ನಾನು ತುಟಿ ಕಚ್ಚಿಕೊಂಡು, ನೆಲ ನೋಡುತ್ತ, ಮಗ್ಗಿ ಹೇಳಿಕೊಳ್ಳುತ್ತ, ಹೇಗೋ ನಿಂತಿದ್ದೆ.

ಪ್ರಿನ್ಸಿಪಾಲರು ಮತ್ತೆ ಕನ್ನಡಕ ಹಾಕಿಕೊಂಡು ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದರು. ಬಾಗಿಲಲ್ಲಿದ್ದ ವಾರ್ಡನ್ ಕೂಡ ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

"ಶರತ್ತು ಮುರಿಯಲು ಬರುವುದಿಲ್ಲ. ಅಳುವವರು ಊರಿಗೆ ಹೋಗಬೇಕು. ಈ ಕೋಣೆಯಲ್ಲಿ ಅಳದೆ ಇರುವವನು ಇವನೊಬ್ಬನೇ. ಕಾಲೇಜಿನಲ್ಲಿ ಇವನಿರಲಿ. ನಾವೆಲ್ಲ ಗಂಟು ಕಟ್ಟೋಣ" ಅಂದರು.

ನಾನು ಅದನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಅಪ್ಪ ಕಣ್ಣೊರೆಸಿಕೊಂಡು ಮೂಲೆಯಲ್ಲಿದ್ದ ತನ್ನ ಚೀಲ ಎತ್ತಿಕೊಂಡ.

"ಸಾಹೇಬ್ರ ಊರು ಯಾವ ಕಡಿ ಕೇಳೋ ತಮ್ಮಾ. ಉದಗೀರ ರೈಲೇ ಆದ್ರ ಕೂಡೇ ಹೋಗಾಮು."